ಖಾತೆಗೆ ಬಂದ ದುಡ್ಡು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ. ಲೇಖಕರು 2004-05ನೇ ಸಾಲಿನ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿ. ಬಿ.ಇ. ಪದವೀಧರರು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್.)



ಸಮಿತಿಯವರು ನನಗೆ ಕೊಟ್ಟ ವಿಷಯ ‘ತಂತ್ರಜ್ಞಾನ ಮತ್ತು ಗ್ರಾಮೀಣ ಬದುಕು’. ಅದು ನನ್ನ ಅಳತೆಗೆ ಮೀರಿದ್ದು. ಹತ್ತು ನಿಮಿಷದಲ್ಲಿ ಅಷ್ಟು ದೊಡ್ಡ ವಿಷಯ ಹೇಳಲು ಹೋದರೆ ಹಿಂದೆ ಕೂತಿರುವ ಮಕ್ಕಳು ಆಕಳಿಸುತ್ತಾರೆ. ಆ ಸಾಲಿನಲ್ಲಿ ಕೂತು ನಾನೂ ಆಕಳಿಸಿದ್ದೇನೆ. ಆದ್ದರಿಂದ ಅದರಲ್ಲಿ ಒಂದೇ ಒಂದು ಎಳೆ ಹಿಡಿದು ಮಾತಾಡುತ್ತೇನೆ. ಸರ್ಕಾರದ ದುಡ್ಡು ನೇರವಾಗಿ ರೈತರ ಬ್ಯಾಂಕ್ ಖಾತೆಗೆ ಬರುತ್ತದಲ್ಲ, ಅದು ನಮ್ಮ ಒಂದು ಮನೆಯಲ್ಲಿ ಏನು ಮಾಡಿತು, ಏನು ಮಾಡಲಿಲ್ಲ ಎಂಬುದು. ಬೇರೆಯವರ ಮನೆಯ ವಿಷಯ ನನಗೆ ಗೊತ್ತಿಲ್ಲ. ನಮ್ಮ ಮನೆಯ ಲೆಕ್ಕ ಗೊತ್ತು.

ನಾನು ಇಲ್ಲಿ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಸತತ ಮೂರನೇ ವರ್ಷದ ಬರ. ಹಿರಿಯರಿಗೆಲ್ಲ ನೆನಪಿದೆ. 2001ರಿಂದ 2004ರವರೆಗೆ ನಮ್ಮ ಶಿರಾ, ಪಾವಗಡದ ಕಡೆ ಕಡ್ಲೆಕಾಯಿ ಗಿಡ ಹೂ ಕಟ್ಟಿದರೂ ಕಾಯಿ ಕಟ್ಟಲಿಲ್ಲ. ಆ ವರ್ಷ ಅಪ್ಪ ಬೀಜಕ್ಕೂ ಉಳುಮೆಗೂ ಆರು ಸಾವಿರ ಸಾಲ ತಂದಿದ್ದರು. ಮೂರು ರೂಪಾಯಿ ಬಡ್ಡಿ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಎಂದರೆ ಆರು ಸಾವಿರಕ್ಕೆ ತಿಂಗಳಿಗೆ 180, ಎಂಟು ತಿಂಗಳಿಗೆ 1440. ಈ ಲೆಕ್ಕವನ್ನು ನಮ್ಮ ಗಣಿತದ ಮೇಷ್ಟ್ರು ಸರಳ ಬಡ್ಡಿಯ ಪಾಠದಲ್ಲಿ ಹಲಗೆಯ ಮೇಲೆ ಹಾಕಿಸುವ ಮೊದಲೇ ನಾನು ಮನೆಯ ಜಗಲಿಯ ಮೇಲೆ ಕಲಿತಿದ್ದೆ. ಸಾಲ ಕೊಟ್ಟವರು ಕೆಟ್ಟವರೆಂದು ಹೇಳುತ್ತಿಲ್ಲ. ರಾತ್ರಿ ಹತ್ತು ಗಂಟೆಗೆ ಬಾಗಿಲು ತಟ್ಟಿದರೂ ಕೊಟ್ಟವರು ಅವರೇ. ಆದರೆ ಒಂದು ಮಾತಿತ್ತು. ಬೆಳೆದ ಕಡ್ಲೆಕಾಯಿಯನ್ನು ಅವರಿಗೇ ಹಾಕಬೇಕು, ಅವರು ಹೇಳಿದ ದರಕ್ಕೆ.

ಆ ಬರಕ್ಕೆ ಪರಿಹಾರವೆಂದು ನಮಗೊಂದು ಚೆಕ್ ಬಂತು. 412 ರೂಪಾಯಿ. ಅಪ್ಪ ಅದನ್ನು ಹಿಡಿದು ಬಸ್ಸು ಹತ್ತಿ ಪೇಟೆಯ ಬ್ಯಾಂಕಿಗೆ ಹೋದರು. ಖಾತೆ ಇಲ್ಲದೆ ಚೆಕ್ ಜಮಾ ಆಗುವುದಿಲ್ಲ, ಖಾತೆ ತೆರೆಯಲು 500 ರೂಪಾಯಿ ಕಟ್ಟಬೇಕು ಅಂದರಂತೆ. 412 ಪಡೆಯಲು 500 ಕೊಡಬೇಕು. ಅಪ್ಪ ಮನೆಗೆ ಬಂದು ಚೆಕ್ಕನ್ನು ಪಂಚಾಂಗದೊಳಗೆ ಇಟ್ಟರು. ಅದು ಬಹಳ ವರ್ಷ ಅಲ್ಲೇ ಇತ್ತು. ಸರ್ಕಾರ ಕಳಿಸಿದ ದುಡ್ಡಿನಲ್ಲಿ ಜನರಿಗೆ ತಲುಪುವುದು ರೂಪಾಯಿಗೆ ಹದಿನೈದು ಪೈಸೆ ಎಂದು 1985ರಲ್ಲಿ ಪ್ರಧಾನಿಯಾಗಿದ್ದ ರಾಜೀವ್ ಗಾಂಧಿಯವರೇ ಹೇಳಿದ್ದರು. ನಮಗೆ ಆ ಹದಿನೈದು ಪೈಸೆಯೂ ಪಂಚಾಂಗದೊಳಗೇ ಉಳಿಯಿತು.

ಆಮೇಲೆ ಕಾಲ ಬದಲಾಯಿತು. 2014ರ ಆಗಸ್ಟ್‌ನಲ್ಲಿ ಜನಧನ ಯೋಜನೆ ಬಂತು. ಒಂದು ರೂಪಾಯಿ ಕಟ್ಟದೆ ಖಾತೆ ತೆರೆಯಬಹುದಾಯಿತು. ಖಾತೆಗೆ ಆಧಾರ್ ಜೋಡಣೆಯಾಯಿತು. 2019ರ ಫೆಬ್ರವರಿ 24ರಂದು ಪಿಎಂ-ಕಿಸಾನ್ ಶುರುವಾಯಿತು. ನಾಲ್ಕು ತಿಂಗಳಿಗೊಮ್ಮೆ ಎರಡು ಸಾವಿರ, ವರ್ಷಕ್ಕೆ ಆರು ಸಾವಿರ. ನಡುವೆ ಕೆಲವು ವರ್ಷ ರಾಜ್ಯ ಸರ್ಕಾರ ಅದಕ್ಕೆ ನಾಲ್ಕು ಸಾವಿರ ಸೇರಿಸಿ ಕೊಡುತ್ತಿತ್ತು. ಈಗ ಅದಿಲ್ಲ.

ಆಗ ನಾನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಎಂಟು ವರ್ಷವಾಗಿತ್ತು. ಆಫೀಸಿನ ಕ್ಯಾಂಟೀನಿನಲ್ಲಿ ಈ ಮಾತು ಬಂದಾಗ ನಾನು ಹೇಳಿದ್ದು ನೆನಪಿದೆ: “ಪುಕ್ಕಟೆ ದುಡ್ಡು ಕೊಟ್ಟು ಜನರನ್ನು ಸೋಮಾರಿ ಮಾಡುತ್ತಾರೆ. ದಿನಕ್ಕೆ ಹದಿನಾರು ರೂಪಾಯಿಯಲ್ಲಿ ಯಾವ ರೈತ ಉದ್ಧಾರ ಆಗುತ್ತಾನೆ?” ಆರು ಸಾವಿರವನ್ನು 365ರಿಂದ ಭಾಗಿಸಿದರೆ ಹದಿನಾರು ರೂಪಾಯಿ ಚಿಲ್ಲರೆ. ಲೆಕ್ಕ ಸರಿ. ರೈತನ ಮಗನೇ ಹೇಳಿದ್ದರಿಂದ ಮೇಜಿನ ಸುತ್ತ ಇದ್ದವರೆಲ್ಲ ತಲೆಯಾಡಿಸಿದರು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ನಾನು ಲ್ಯಾಪ್‌ಟಾಪ್ ತೆಗೆದುಕೊಂಡು ಊರಿಗೆ ಬಂದೆ. ಎಸ್ಸೆಸ್ಸೆಲ್ಸಿ ಮುಗಿಸಿ ಹೋದ ಮೇಲೆ ಅಷ್ಟು ದಿನ ನಾನು ಮನೆಯಲ್ಲಿ ಇದ್ದದ್ದು ಅದೇ ಮೊದಲು. ನೆಟ್‌ವರ್ಕ್ ಸಿಗಲೆಂದು ಹಿತ್ತಲ ಹುಣಸೆ ಮರದ ಕೆಳಗೆ ಕೂತು ಕೆಲಸ ಮಾಡುತ್ತಿದ್ದೆ. ಏಪ್ರಿಲ್‌ನಲ್ಲಿ ಅಪ್ಪನ ಖಾತೆಗೆ ಎರಡು ಸಾವಿರ ಬಂತು. ಅಮ್ಮನ ಜನಧನ ಖಾತೆಗೆ ತಿಂಗಳಿಗೆ ಐನೂರರಂತೆ ಮೂರು ತಿಂಗಳು ಬಂತು. ಒಂದು ಮಳೆ ಬಿದ್ದು ಹದವಾಗಿತ್ತು. ಅಪ್ಪ ಮಾರನೆಯ ದಿನವೇ ಟ್ರ್ಯಾಕ್ಟರ್ ಕರೆಸಿ ಹೊಲ ಉಳಿಸಿದರು. ಸಂಜೆ ಜಗಲಿಯ ಮೇಲೆ ಕೂತು, ಯಾರಿಗೂ ಅಲ್ಲ ಎಂಬಂತೆ, “ಈ ಸಲ ಯಾರ ಬಾಗಿಲಿಗೂ ಹೋಗಲಿಲ್ಲ” ಅಂದರು.

ನನಗೆ ಅರ್ಥವಾಗಲಿಲ್ಲ. ನಾನು ತಿಂಗಳು ತಿಂಗಳು ದುಡ್ಡು ಕಳಿಸುತ್ತಿದ್ದೆನಲ್ಲ? ಅಮ್ಮನನ್ನು ಕೇಳಿದೆ. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ನನ್ನ ಹೈಸ್ಕೂಲಿನ ನೋಟ್‌ಬುಕ್ಕುಗಳ ಹಿಂದಿನ ಖಾಲಿ ಹಾಳೆಗಳಲ್ಲಿ ಮನೆಯ ಲೆಕ್ಕ ಬರೆದಿಡುತ್ತಾರೆ. ಅದನ್ನು ತಂದು ಮುಂದೆ ಇಟ್ಟರು. ನಾನು ಕಳಿಸಿದ್ದು ತಂಗಿಯ ಮದುವೆ ಸಾಲಕ್ಕೆ, ಅಪ್ಪನ ಔಷಧಿಗೆ, ಮನೆ ಖರ್ಚಿಗೆ ಹೋಗುತ್ತಿತ್ತು. ಪ್ರತಿ ವರ್ಷ ಮೇ ತಿಂಗಳಲ್ಲಿ ‘ಉಳುಮೆಗೆ ಕೈಸಾಲ’ ಎಂದು ಒಂದು ಸಾಲು ಇತ್ತು. 2012ರಿಂದ 2019ರವರೆಗೆ ಒಂದು ವರ್ಷವೂ ತಪ್ಪಿರಲಿಲ್ಲ. ಪೇಟೆಯಲ್ಲಿ ಸಂಬಳ ತೆಗೆಯುವ ಮಗನನ್ನು ಉಳುಮೆಗೆ ದುಡ್ಡು ಕೇಳುವುದು ಅಪ್ಪನಿಗೆ ಆಗುತ್ತಿರಲಿಲ್ಲ. ಅವರು ಕೇಳಲಿಲ್ಲ, ನಾನೂ ಕೇಳಲಿಲ್ಲ.

ಆ ವರ್ಷ ಕೈಸಾಲ ಇಲ್ಲದ್ದರಿಂದ ಕಡ್ಲೆಕಾಯಿ ಯಾರಿಗೆ ಹಾಕಬೇಕೆಂಬ ಕಟ್ಟುಪಾಡೂ ಇರಲಿಲ್ಲ. ಚಳ್ಳಕೆರೆಯ ಮಾರುಕಟ್ಟೆಗೆ ಹಾಕಿದೆವು. ಸಾಲ ಕೊಡುತ್ತಿದ್ದವರು ಹೇಳಿದ್ದ ದರಕ್ಕಿಂತ ಕ್ವಿಂಟಲ್‌ಗೆ ಮುನ್ನೂರು ರೂಪಾಯಿ ಹೆಚ್ಚು ಸಿಕ್ಕಿತು. ಆರು ಕ್ವಿಂಟಲ್‌ಗೆ 1800. ಎರಡು ಸಾವಿರ ಸಹಾಯಧನ ಇನ್ನೊಂದು 1800 ಉಳಿಸಿತು, ಬಡ್ಡಿ ಬೇರೆ ಉಳಿಯಿತು. ಕ್ಯಾಂಟೀನಿನಲ್ಲಿ ನಾನು ಮಾಡಿದ್ದ ಭಾಗಾಕಾರ ತಪ್ಪಾಗಿದ್ದು ಇಲ್ಲಿ. ದುಡ್ಡು ದಿನಕ್ಕೆ ಹದಿನಾರು ರೂಪಾಯಿಯಂತೆ ಬರಲಿಲ್ಲ. ಹದ ಬಿದ್ದಾಗ, ಬಡ್ಡಿ ಇಲ್ಲದೆ, ಯಾರ ಮುಂದೆಯೂ ನಿಲ್ಲಿಸದೆ ಒಟ್ಟಿಗೆ ಎರಡು ಸಾವಿರ ಬಂತು. ಅಪ್ಪ ಅದರಿಂದ ಸೋಮಾರಿ ಆಗಲಿಲ್ಲ. ಒಂದು ವಾರ ಮೊದಲೇ ಹೊಲಕ್ಕೆ ಇಳಿದರು, ಅಷ್ಟೆ.

2021ರಲ್ಲಿ ಅಪ್ಪ ತೀರಿಕೊಂಡರು. ಅವರ ಪಾಸ್‌ಬುಕ್ ಪೆಟ್ಟಿಗೆ ಸೇರಿತು. ಇನ್ನು ಅಮ್ಮನ ಪಾಸ್‌ಬುಕ್ಕಿನ ವಿಷಯ ಹೇಳುತ್ತೇನೆ.

2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಯೋಜನೆ ಶುರುವಾಯಿತು. ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದಿರುವ ಹೆಂಗಸಿನ ಖಾತೆಗೆ ತಿಂಗಳಿಗೆ ಎರಡು ಸಾವಿರ. ಅಕ್ಕಪಕ್ಕದವರಿಗೆಲ್ಲ ಬಂತು, ಅಮ್ಮನಿಗೆ ಬರಲಿಲ್ಲ. ನಾಲ್ಕು ತಿಂಗಳು ಕಾದರು. ಅರ್ಜಿಯ ಸ್ಥಿತಿ ನೋಡಿದರೆ ಹಣ ಜಮಾ ಆಗಿದೆ ಎಂದೇ ತೋರಿಸುತ್ತಿತ್ತು. ದಿನವಿಡೀ ಸಾಫ್ಟ್‌ವೇರ್ ಬರೆಯುವ ನನಗೂ ಇದು ಬಗೆಹರಿಯಲಿಲ್ಲ. ಬಗೆಹರಿಸಿದ್ದು ಗ್ರಾಮ ಒನ್ ಕೇಂದ್ರದಲ್ಲಿ ಕೂರುವ, ಇದೇ ಶಾಲೆಯಲ್ಲಿ ನನಗಿಂತ ಹತ್ತು ವರ್ಷ ಹಿಂದೆ ಓದಿದ ಹುಡುಗಿ. ಅವಳು ಹೇಳಿದ್ದನ್ನು ನಿಮಗೂ ಹೇಳುತ್ತೇನೆ, ಉಪಯೋಗಕ್ಕೆ ಬರುತ್ತದೆ. ಆಧಾರ್ ಮೂಲಕ ಬರುವ ಹಣ ನಾವು ಅರ್ಜಿಯಲ್ಲಿ ಬರೆದ ಖಾತೆ ಸಂಖ್ಯೆ ನೋಡಿಕೊಂಡು ಬರುವುದಿಲ್ಲ. ನಮ್ಮ ಆಧಾರ್ ಸಂಖ್ಯೆ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಆ ಬ್ಯಾಂಕಿಗೆ ಹೋಗುತ್ತದೆ. ಅಮ್ಮ ಯಾವತ್ತೋ ಸಿಮ್ ತೆಗೆದುಕೊಳ್ಳುವಾಗ ಎರಡು ಸಲ ಹೆಬ್ಬೆಟ್ಟು ಒತ್ತಿದ್ದರು. ಎರಡನೇ ಸಲ ಒತ್ತಿದ್ದು ಅವರಿಗೇ ಗೊತ್ತಿಲ್ಲದ ಒಂದು ಖಾತೆಗೆ. ನಾಲ್ಕು ತಿಂಗಳ ಎಂಟು ಸಾವಿರ ಅಲ್ಲಿ ಕೂತಿತ್ತು. ಅದನ್ನು ತೆಗೆಸಿ ಆಧಾರನ್ನು ಹಳೆಯ ಬ್ಯಾಂಕಿಗೆ ಜೋಡಿಸಲು ಎರಡು ದಿನದ ಓಡಾಟ ಆಯಿತು.

ಆ ದುಡ್ಡಿನಲ್ಲಿ ಅಮ್ಮ ಮೊದಲು ಮಾಡಿದ ಕೆಲಸ ಶಿರಾಕ್ಕೆ ಹೋಗಿ ಕನ್ನಡಕ ಮಾಡಿಸಿಕೊಂಡದ್ದು. ನಾನು ಊರಿಗೆ ಬಂದಾಗ ಕನ್ನಡಕ ಹಾಕಿಕೊಂಡು ಅಕ್ಕಿ ಆರಿಸುತ್ತಿದ್ದರು. ಮೂರು ವರ್ಷದಿಂದ ಫೋನಿನಲ್ಲಿ “ಕಣ್ಣು ಹೇಗಿದೆಯಮ್ಮ?” ಎಂದು ಕೇಳಿದಾಗಲೆಲ್ಲ “ಚೆನ್ನಾಗಿದೆ” ಎಂದೇ ಹೇಳುತ್ತಿದ್ದವರು. “ನಾನು ಕಳಿಸುತ್ತಿದ್ದ ದುಡ್ಡಿನಲ್ಲಿ ಮಾಡಿಸಿಕೊಳ್ಳಬಹುದಿತ್ತಲ್ಲಮ್ಮ?” ಅಂದೆ. ಅಮ್ಮ ತಲೆ ಎತ್ತದೆ ಹೇಳಿದರು: “ಅದು ನಿನ್ನ ದುಡ್ಡು ಕಣಪ್ಪ. ಖರ್ಚು ಮಾಡಿದರೆ ಯಾತಕ್ಕೆ ಅಂತ ಹೇಳಬೇಕು ಅನ್ಸುತ್ತೆ. ಇದು ನನ್ನ ಹೆಸರಿಗೆ ಬಂದಿದ್ದು.”

ನಾನು ಯಾವತ್ತೂ ಲೆಕ್ಕ ಕೇಳಿದವನಲ್ಲ. ಆದರೂ ಅಮ್ಮನಿಗೆ ಹಾಗೆ ಅನ್ನಿಸುತ್ತಿತ್ತು. ಐವತ್ತೆಂಟು ವರ್ಷದ ಹೆಂಗಸು, ಹುಟ್ಟಿದಾಗಿನಿಂದ ಹೊಲದಲ್ಲಿ ದುಡಿದವರು, ಲೆಕ್ಕ ಒಪ್ಪಿಸದೆ ಖರ್ಚು ಮಾಡಿದ ಮೊದಲ ದುಡ್ಡು ಅದು.

ಎಲ್ಲ ಮನೆಯಲ್ಲೂ ಹೀಗೇ ಆಗಿದೆ ಎಂದು ನಾನು ಹೇಳಲಾರೆ. ನಮ್ಮ ಬೀದಿಯಲ್ಲೇ ಈ ದುಡ್ಡು ಬರುವ ಮೊದಲೇ ಫೈನಾನ್ಸಿನ ವಾರದ ಕಂತಿಗೆ ಲೆಕ್ಕವಾಗಿಬಿಟ್ಟಿರುವ ಮನೆಗಳಿವೆ. ಗಂಡ ಕಸಿದುಕೊಂಡು ಹೋಗುವ ಮನೆಯೂ ಇದೆ. ಕಂತು ಎರಡು ಮೂರು ತಿಂಗಳು ತಡವಾದರೆ ಅದನ್ನು ನಂಬಿ ಚೀಟಿ ಹಾಕಿದವರು ಒದ್ದಾಡುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು.

ಇನ್ನೊಂದು ವಿಷಯವಿದೆ. ಇದನ್ನು ಹೇಳಲು ನನಗೆ ಸ್ವಲ್ಪ ಸಂಕೋಚ. ಆದರೆ ಈ ಅಂಗಳದಲ್ಲಿ ಹೇಳದೆ ಇನ್ನೆಲ್ಲಿ ಹೇಳಲಿ?

ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸಿದೆವು. ನಾಲ್ಕು ಎಕರೆ ನನ್ನೊಬ್ಬನ ಹೆಸರಿಗೆ ಬಂತು. ಅಮ್ಮ, ತಂಗಿ ಇಬ್ಬರೂ ಒಪ್ಪಿಗೆಯ ಸಹಿ ಹಾಕಿದರು. “ಮಗ ಇದ್ದಾನಲ್ಲ, ಅವನ ಹೆಸರಿಗೇ ಇರಲಿ” ಅಂದರು ಎಲ್ಲರೂ. ನಾನೂ ಸುಮ್ಮನಿದ್ದೆ. ಆದಾಯ ತೆರಿಗೆ ಕಟ್ಟುವವರಿಗೆ ಪಿಎಂ-ಕಿಸಾನ್ ಇಲ್ಲ, ಹಾಗಾಗಿ ಆ ಆರು ಸಾವಿರ ನಿಂತಿತು. ಅದು ನ್ಯಾಯವೇ. ಆದರೆ ಅಮ್ಮನ ಹೆಸರಿಗೆ ಮಾಡಿಸಿದ್ದರೆ ವಾರಸುದಾರರಾಗಿ ಅವರಿಗೆ ಬರುತ್ತಿತ್ತು. ಅದು ನನಗೆ ತಿಳಿದದ್ದು ತಡವಾಗಿ.

ಹೊಲವನ್ನು ಪಕ್ಕದ ಹೊಲದ ಅಣ್ಣನಿಗೆ ವಾರಕ್ಕೆ ಕೊಟ್ಟೆವು. ಉಳುಮೆ, ಬೀಜ, ಗೊಬ್ಬರ, ಕೂಲಿ ಎಲ್ಲ ಅವನದು, ಬೆಳೆಯಲ್ಲಿ ಅರ್ಧ ನಮಗೆ. ಬಾಯಿಮಾತಿನ ಒಪ್ಪಂದ. 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದ ವರ್ಷ ಅದು. ಅಣ್ಣ ಹಾಕಿದ ಬೀಜವೂ ಹಿಂದೆ ಬರಲಿಲ್ಲ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8500 ರೂಪಾಯಿಯಂತೆ, ಗರಿಷ್ಠ ಎರಡು ಹೆಕ್ಟೇರಿಗೆ ಪರಿಹಾರ. 2024ರ ಜನವರಿಯಲ್ಲಿ ಮೊದಲ ಕಂತು ಎರಡು ಸಾವಿರ ಬಂತು, ಮೇ ತಿಂಗಳಲ್ಲಿ ಉಳಿದದ್ದು ಬಂತು. ಒಟ್ಟು ಹದಿಮೂರು ಸಾವಿರ ಚಿಲ್ಲರೆ. ಬಂದದ್ದು ಪಹಣಿಯಲ್ಲಿ ಹೆಸರಿದ್ದ ನನಗೆ. ಆಫೀಸಿನ ಮೀಟಿಂಗಿನಲ್ಲಿದ್ದೆ. ಮೊಬೈಲಿಗೆ ಸಂದೇಶ ಬಂತು, ನೋಡಿದೆ, ಬೆರಳಿನಲ್ಲಿ ಸರಿಸಿದೆ. ಆ ತಿಂಗಳು ಆ ದುಡ್ಡು ಎಲ್ಲಿ ಸೇರಿಹೋಯಿತೋ ನನಗೆ ಗೊತ್ತಾಗಲೇ ಇಲ್ಲ.

ಒಂದು ವಾರದ ಮೇಲೆ ಅಮ್ಮ ಫೋನ್ ಮಾಡಿದರು. “ಬರದ ದುಡ್ಡು ಊರಿಗೆಲ್ಲ ಬಂತಂತೆ. ನಿನಗೆ ಬಂತಾ?”

“ಬಂತಮ್ಮ.”

“ಬಿತ್ತಿದ್ದು ಯಾರು?”

ನಾನು ಮಾತಾಡಲಿಲ್ಲ. ಅಮ್ಮನೂ ಮುಂದೆ ಏನೂ ಹೇಳಲಿಲ್ಲ. ರಾಗಿ ಬೀಸಿಸಿದ್ದೀನಿ, ಬಂದಾಗ ತಗೊಂಡು ಹೋಗು ಎಂದು ಫೋನ್ ಇಟ್ಟರು.

ಇದಕ್ಕೊಂದು ಹಿನ್ನೆಲೆಯಿದೆ. ಆ ನಾಲ್ಕು ಎಕರೆ ನಮ್ಮ ಪಿತ್ರಾರ್ಜಿತವಲ್ಲ. ನಮ್ಮ ತಾತ ಅದನ್ನು ಗೇಣಿಗೆ ಉಳುತ್ತಿದ್ದರು. ದೇವರಾಜ ಅರಸರ ಕಾಲದಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ, ತಾತ ಏಳನೇ ನಮೂನೆಯಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು ಆ ಹೊಲ ಪಡೆದರು. ಉಳುವವನೇ ಹೊಲದೊಡೆಯ ಎಂಬ ಮಾತು ನಮ್ಮ ಮನೆಯಲ್ಲಿ ಬರೀ ಘೋಷಣೆಯಾಗಿರಲಿಲ್ಲ, ಅನ್ನವಾಗಿತ್ತು. ಈ ಶಾಲೆ ಶುರುವಾದದ್ದೂ ಅದೇ ದಿನಗಳಲ್ಲಿ. ಆ ಹೊಲದ ಫಸಲಿನಿಂದ ಅಪ್ಪ ನನ್ನನ್ನು ಇಲ್ಲಿ ಓದಿಸಿದರು. ಐವತ್ತು ವರ್ಷದ ಮೇಲೆ ನೋಡಿದರೆ, ಊರಲ್ಲಿಲ್ಲದ ಒಡೆಯ ನಾನೇ ಆಗಿದ್ದೆ. ಉಳುವವನು ಬೇರೆ, ದುಡ್ಡು ಬರುವುದು ನನಗೆ.

ನಾನು ಅಣ್ಣನಿಗೆ ಅಷ್ಟೂ ಹಣ ಕಳಿಸಿದೆ. ಅವನು ಊರಿಗೆ ಬಂದಾಗ ಅರ್ಧ ವಾಪಸ್ ತಂದ. “ಹೊಲ ನಿಂದಲ್ವಾ? ಬೀಜ ಗೊಬ್ಬರದ್ದು ಸಾಕು” ಅಂದ. ವಾದ ಮಾಡಿ ಕೊನೆಗೆ ಒಪ್ಪಿಸಿದೆ. ಅಣ್ಣ ಇವತ್ತು ಇಲ್ಲೇ ಬಂದಿದ್ದಾನೆ. ಇದನ್ನು ಹೇಳಲಾ ಎಂದು ಅವನನ್ನು ಕೇಳಿಯೇ ಹೇಳುತ್ತಿದ್ದೇನೆ. ನಾನು ದೊಡ್ಡ ಉಪಕಾರ ಮಾಡಿದೆ ಎಂದು ಹೇಳಿಕೊಳ್ಳಲು ಅಲ್ಲ. ಅವನಿಗೆ ಸೇರಬೇಕಾದ ದುಡ್ಡು ಅವನಿಗೆ ಸೇರಲು ಅಮ್ಮ ನನ್ನನ್ನು ಕೇಳಬೇಕಾಯಿತು ಎಂಬುದೇ ತಪ್ಪು.

ಬರಹದಲ್ಲಿ ಗೇಣಿ ಪತ್ರ ಮಾಡಿಕೊಳ್ಳಬಹುದಲ್ಲ ಎಂದು ಕೇಳಬಹುದು. ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದಕ್ಕೇ ಕಾಯ್ದೆ ಅವಕಾಶ ಕೊಡುವುದಿಲ್ಲ. ತಾತನಂಥವರಿಗೆ ಹೊಲ ಕೊಡಿಸಿದ ಅದೇ ಕಾಯ್ದೆ. ಕಾಗದ ಮಾಡಿದರೆ ಹೊಲ ಹೋದೀತು ಎಂಬ ಭಯ ಒಡೆಯರಿಗೆ. ಆದ್ದರಿಂದ ವಾರಕ್ಕೆ ಮಾಡುವವರು ಯಾವ ಕಾಗದದಲ್ಲೂ ಇಲ್ಲ. ಪಹಣಿ ನೋಡಿ ದುಡ್ಡು ಕಳಿಸುವ ಯಾವ ಕಂಪ್ಯೂಟರಿಗೂ ಅವರು ಕಾಣುವುದಿಲ್ಲ. ನಮ್ಮ ಗಡಿಯಾಚೆ, ಮಡಕಶಿರಾದ ಕಡೆಯ ಆಂಧ್ರದಲ್ಲಿ 2019ರಲ್ಲಿ ಒಂದು ಕಾಯ್ದೆ ಮಾಡಿದರು. ಒಡೆಯರ ಒಪ್ಪಿಗೆಯ ಮೇಲೆ ಸಾಗುವಳಿ ಮಾಡುವವರಿಗೆ ಹನ್ನೊಂದು ತಿಂಗಳ ಕಾರ್ಡು, ಒಡೆಯರ ಹಕ್ಕಿಗೆ ಧಕ್ಕೆ ಇಲ್ಲ. ಅಲ್ಲಿಯೂ ಒಪ್ಪಿಗೆ ಕೊಡಲು ಒಡೆಯರು ಹಿಂಜರಿಯುತ್ತಾರೆ. ಆದರೂ ಉಳುವವರ ಹೆಸರು ಬರೆಯಲು ಒಂದು ಜಾಗವಾದರೂ ಇದೆ. ನಮ್ಮಲ್ಲಿಯೂ ಅಂಥದ್ದು ಬೇಕು ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಊಟದ ಹೊತ್ತಿನಲ್ಲಿ ನನ್ನ ಜೊತೆ ಜಗಳ ಮಾಡಬಹುದು.

ನಮ್ಮ ಗಣಿತದ ಮೇಷ್ಟ್ರು ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ. ಉತ್ತರ ಸರಿಯಿದ್ದರೂ ನಡುವಿನ ಹಂತ ಬರೆಯದಿದ್ದರೆ ಅರ್ಧ ಅಂಕ ಕಳೆಯುತ್ತಿದ್ದರು. ಆಗ ಅವರ ಮೇಲೆ ಸಿಟ್ಟು ಬರುತ್ತಿತ್ತು. ಸರ್ಕಾರ ಬಟನ್ ಒತ್ತಿತು, ಖಾತೆಗೆ ದುಡ್ಡು ಬಂತು, ಉತ್ತರ ಸರಿ. ಆದರೆ ಯಾರ ಖಾತೆ, ಬಿತ್ತಿದವರು ಯಾರು, ಮನೆಯಲ್ಲಿ ಆ ದುಡ್ಡು ಮುಟ್ಟುವವರು ಯಾರು ಎಂಬ ಹಂತಗಳನ್ನು ನಾವೇ ಬರೆಯಬೇಕು. ಅದನ್ನು ಸಾಫ್ಟ್‌ವೇರ್ ಬರೆಯುವುದಿಲ್ಲ. ನನ್ನ ಕಸುಬೇ ಅದಾದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ.

ದುಡ್ಡಿನಿಂದ ಆಗದ್ದೂ ಬಹಳ ಇದೆ. ಎರಡು ಸಾವಿರ ಮಳೆ ತರಿಸುವುದಿಲ್ಲ, ಕಡ್ಲೆಕಾಯಿಗೆ ಬೆಲೆ ಕೊಡಿಸುವುದಿಲ್ಲ. ನನ್ನನ್ನು ಇಂಜಿನಿಯರ್ ಮಾಡಿದ್ದು ಯಾವ ಸಹಾಯಧನವೂ ಅಲ್ಲ. ಈ ಶಾಲೆ, ಸಂಜೆ ಬಿಟ್ಟಿಯಾಗಿ ಪಾಠ ಹೇಳಿಕೊಟ್ಟ ಈ ಗುರುಗಳು. ಖಾತೆಗೆ ದುಡ್ಡು ಬರುತ್ತದೆಂದು ಶಾಲೆಗೆ ಮೇಷ್ಟ್ರು ಬೇಡ, ಆಸ್ಪತ್ರೆಗೆ ಡಾಕ್ಟರು ಬೇಡ ಎಂದು ಯಾರೂ ತಿಳಿಯಬಾರದು.

ಕೊನೆಯದಾಗಿ ಮೂರು ಮಾತು.

ತಾಯಂದಿರಿಗೆ, ರೈತರಿಗೆ: ನಿಮ್ಮ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ಒಮ್ಮೆ ನೋಡಿಸಿಕೊಳ್ಳಿ. ಸುಮ್ಮಸುಮ್ಮನೆ ಹೆಬ್ಬೆಟ್ಟು ಒತ್ತಬೇಡಿ, ಒತ್ತುವ ಮೊದಲು ಯಾತಕ್ಕೆ ಎಂದು ಕೇಳಿ. ಪಹಣಿ ಇನ್ನೂ ತೀರಿಕೊಂಡವರ ಹೆಸರಿನಲ್ಲೇ ಇದ್ದರೆ ಅಣ್ಣತಮ್ಮಂದಿರು ಕೂತು ಪೌತಿ ಖಾತೆ ಮಾಡಿಸಿಕೊಳ್ಳಿ. ಮಾಡಿಸುವಾಗ ಹೆಣ್ಣುಮಕ್ಕಳ ಹೆಸರು ಬಿಡಬೇಡಿ.

ನನ್ನಂತೆ ಊರು ಬಿಟ್ಟು ಹೋದ ಗೆಳೆಯರಿಗೆ: ನಿಮ್ಮ ಹೊಲವನ್ನು ಬೇರೆಯವರು ಮಾಡುತ್ತಿದ್ದರೆ, ಪರಿಹಾರದ ಸಂದೇಶ ಬಂದ ದಿನ ನಮ್ಮ ಅಮ್ಮ ಕೇಳಿದ ಪ್ರಶ್ನೆಯನ್ನು ನೀವೇ ಕೇಳಿಕೊಳ್ಳಿ.

ಮೂರನೆಯದು ಒಂದು ಸಣ್ಣ ಕೆಲಸ. 2005ರ ನಮ್ಮ ಬ್ಯಾಚಿನವರು ಪ್ರತಿ ತಿಂಗಳ ಎರಡನೇ ಭಾನುವಾರ ಬೆಳಗ್ಗೆ ಹತ್ತರಿಂದ ಒಂದರವರೆಗೆ ಇದೇ ಶಾಲೆಯ ಒಂದು ಕೊಠಡಿಯಲ್ಲಿ ಕೂರುತ್ತೇವೆ. ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಖಾತೆಗೆ ದುಡ್ಡು ಬಂದಿಲ್ಲ, ಇ-ಕೆವೈಸಿ ಆಗಿಲ್ಲ, ಹೆಸರು ತಪ್ಪಾಗಿದೆ, ಏನೇ ಇದ್ದರೂ ಕಾಗದ ತೆಗೆದುಕೊಂಡು ಬನ್ನಿ. ಕಾಸು ಬೇಡ. ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳೂ ಜೊತೆಗೆ ಕೂರಲಿ, ಕಲಿಯಲಿ.

ನಮ್ಮ ತಾತ ಏಳನೇ ನಮೂನೆಯ ಅರ್ಜಿ ಬರೆಸಲು ಆ ಕಾಲದಲ್ಲಿ ಈ ಊರಿನ ಒಬ್ಬ ಮೇಷ್ಟ್ರ ಹತ್ತಿರ ಹೋಗಿದ್ದರಂತೆ. ಅವರು ಕಾಸು ಕೇಳಲಿಲ್ಲವಂತೆ. ಆ ಋಣ ನಮ್ಮ ಮನೆಯ ಮೇಲೆ ಹಾಗೇ ಉಳಿದಿದೆ. ಅದರ ಬಡ್ಡಿಯನ್ನಾದರೂ ಕಟ್ಟಲು ನನಗೊಂದು ಅವಕಾಶ ಕೊಡಿ.